ಪಾನಿಸ್ ಅಂದರೆ ರೊಟ್ಟಿ

೧೪ ಜುಲೈ ೨೦೦೩, ಸೋಮವಾರ

ಈ ನೋಟ್‌ಪುಸ್ತಕ ಕೊಂಡದ್ದು ಪಾಠದ ಟಿಪ್ಪಣಿಗೆ. ಆದರೆ ಇವತ್ತಿನದನ್ನು ಯಾರಿಗೆ ಹೇಳಲಿ? ಅವ್ವನಿಗೆ ಹೇಳಿದರೆ "ನಾ ಮೊದ್ಲೇ ಏಳಿರ್ನಿಲ್ವ" ಎಂದು ಶುರು ಮಾಡುತ್ತಾಳೆ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಕೆಲಸಕ್ಕೆ ಸೇರಿ ಆರು ವಾರವಾಯಿತು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ, ಅಲ್ಲೂ ಅಲ್ಲದ ಇಲ್ಲೂ ಅಲ್ಲದ ಜಾಗದಲ್ಲಿದೆ ನಮ್ಮ ಹೈಸ್ಕೂಲು. ನಾನು ಇಂಗ್ಲಿಷ್ ಮೇಡಂ, ಚಾಮರಾಜನಗರದಿಂದ ಬರುತ್ತೇನೆ. ಕನ್ನಡದ ಮಂಗಳಗೌರಿ ಮೇಡಂ ಗುಂಡ್ಲುಪೇಟೆಯಿಂದ ಬರುತ್ತಾರೆ. ಸಂಜೆ ರಸ್ತೆಯ ಆ ಬದಿ ಅವರು, ಈ ಬದಿ ನಾನು ಬಸ್ಸಿಗೆ ಕಾಯುತ್ತೇವೆ. ಇಡೀ ಶಾಲೆಗೆ ಹೆಂಗಸರು ನಾವಿಬ್ಬರೇ. ಹಾಗಾಗಿ ಮಧ್ಯಾಹ್ನ ಲ್ಯಾಬಿನ ಮೂಲೆಯಲ್ಲಿ ಕೂತು ಉಣ್ಣುವವರೂ ನಾವಿಬ್ಬರೇ.

ಇವತ್ತು ಅವರೇ ಬಾಯಿ ಬಿಟ್ಟು ಕೇಳಿದರು. "ಸುಧಾಮಣಿ ಮೇಡಂ, ನಿಮ್ಮನೆ ರಾಗಿ ರೊಟ್ಟಿ ಘಮ್ ಅಂತಿದೆ. ಒಂದು ಕೊಡಿ. ನಮ್ಮನೆ ಅಕ್ಕಿ ರೊಟ್ಟಿ ತಗೊಳ್ಳಿ."

ಕೊಟ್ಟೆ. ಇಸ್ಕೊಂಡವರು ಅದನ್ನು ಡಬ್ಬಿಯ ಮೇಲುತಟ್ಟೆಯಲ್ಲಿಟ್ಟು ಮುಚ್ಚಿದರು. "ಹೊಟ್ಟೆ ತುಂಬೋಯ್ತು. ಸಂಜೆ ಬಸ್ಸಲ್ಲಿ ತಿಂತೀನಿ."

ಈ ಮಾತನ್ನು ನಾನು ಮೊದಲೂ ಕೇಳಿದ್ದೇನೆ. ಅವರು ಲಿಂಗಾಯತರು. ನಾವು ಪರಿಶಿಷ್ಟರು ಅನ್ನುವುದು ಅವರಿಗೆ ಗೊತ್ತಿಲ್ಲದ್ದೇನಲ್ಲ, ನಾನು ಸೇರಿದ ದಿನವೇ ನನ್ನ ಫೈಲು ಎಲ್ಲರ ಟೇಬಲ್ಲಿನ ಮೇಲೂ ಮೆರವಣಿಗೆ ಹೋಗಿ ಬಂದಿದೆ. ಮೈಸೂರಿನಲ್ಲಿ ಬಿ.ಎಡ್. ಓದುವಾಗ ರೂಮಿನಲ್ಲಿದ್ದವಳೊಬ್ಬಳು ಅವ್ವ ಮಾಡಿದ ಒಬ್ಬಟ್ಟನ್ನು "ಆಮೇಲೆ ತಿಂತೀನಿ ಕಣೇ" ಎಂದು ತೆಗೆದುಕೊಂಡಳು. ಮಾರನೆಯ ದಿನ ಅದು ಬಚ್ಚಲ ಹಿಂದಿನ ಕಸದಲ್ಲಿತ್ತು. ನನ್ನ ಕಣ್ಣಿಗೆ ಬೀಳದಿರಲೆಂದು ಕಾಗದದಲ್ಲಿ ಸುತ್ತಿದ್ದಳು. ಒಬ್ಬಟ್ಟಿಗಿಂತ ಆ ಕಾಗದ ನನ್ನ ಹೊಟ್ಟೆ ಉರಿಸಿತು.

ನನಗೆ ಗೊತ್ತಾಗಬೇಕಾದದ್ದು ಇಷ್ಟೇ. ಈಯಮ್ಮ ತಿನ್ನುತ್ತಾರೋ, ಎಸೆಯುತ್ತಾರೋ? ತಿಂದರೆ ಈ ಊರಲ್ಲದ ಊರಿನಲ್ಲಿ ನನಗೊಬ್ಬ ಗೆಳತಿ ಸಿಕ್ಕಳು. ಎಸೆದರೆ ನಿವೃತ್ತಿಯವರೆಗೂ ಒಬ್ಬಳೇ ಕೂತು ಉಣ್ಣುತ್ತೇನೆ, ಅದರಲ್ಲೇನಿದೆ.

ಅವರ ಅಕ್ಕಿ ರೊಟ್ಟಿಯನ್ನು ನಾನೂ ಮನೆಗೆ ತಂದೆ. ಅವ್ವ ಮುರಿದು ಕೋಳಿಗೆ ಹಾಕಿದಳು. ಅದು ಬೇರೆ ವಿಷಯ.

೨೨ ಜುಲೈ, ಮಂಗಳವಾರ

ಹೆಡ್‌ಮಾಸ್ಟರ್ ಶಿವಮಲ್ಲಪ್ಪನವರು ಒಂದು ಹೊಸ ತಲೆನೋವು ಹಚ್ಚಿದ್ದಾರೆ. ಸೆಪ್ಟೆಂಬರ್ ಆರಕ್ಕೆ ಗುಂಡ್ಲುಪೇಟೆಯಲ್ಲಿ ಕಲಿಕೋಪಕರಣಗಳ ಮೇಳವಂತೆ. ನಮ್ಮ ಶಾಲೆಯಿಂದ ಒಂದು ಇಂಗ್ಲಿಷ್ ಪದದ ಹುಟ್ಟು ಹುಡುಕಿ ದೊಡ್ಡ ಚಾರ್ಟ್ ಮಾಡಬೇಕಂತೆ. "ಇಂಗ್ಲಿಷ್ ಮೇಡಂ ಹುಡುಕ್ಲಿ, ಕನ್ನಡ ಮೇಡಂ ಬರೀಲಿ. ಅವರ ಅಕ್ಷರ ಮುತ್ತಿನಂಗದೆ," ಎಂದರು. ನನ್ನ ಅಕ್ಷರಕ್ಕೇನಾಗಿದೆಯೋ.

ಪದ ಆರಿಸಿದ್ದು ಮಂಗಳಗೌರಿ ಮೇಡಂ. ಒಂಬತ್ತನೇ ಕ್ಲಾಸಿನ ಪಾಠದಲ್ಲಿರುವ 'ಕಂಪ್ಯಾನಿಯನ್'. "ಮಕ್ಕಳು ಕಂಪ್ನಿ ಕೊಡು ಅಂತಾರಲ್ಲ, ಅದಕ್ಕೂ ಇದಕ್ಕೂ ನಂಟಿರಬೇಕು ನೋಡಿ," ಎಂದರು.

ಸಾವಿರ ಪದ ಬಿದ್ದಿರುವಾಗ 'ಜೊತೆಗಾತಿ' ಅನ್ನುವುದೇ ಯಾಕೆ? ಮೂಗಿಗೆ ತುಪ್ಪ ಸವರುತ್ತಿದ್ದಾರೋ ಏನೋ. ಹೂಂ ಎಂದೆ.

ಇವತ್ತೂ ರೊಟ್ಟಿ ಅದಲುಬದಲಾಯಿತು. ಈಗ ದಿನಾ ಅದೇ. "ನಮ್ಮನೇದು ಹೇಗಿತ್ತು ನೆನ್ನೆ?" ಎಂದು ಕೇಳಿದರು. "ಚೆನ್ನಾಗಿತ್ತು," ಎಂದೆ. ಮರ್ಯಾದೆಗೆ ಅಷ್ಟೂ ಹೇಳದಿದ್ದರೆ ಹೇಗೆ.

೨೬ ಜುಲೈ, ಶನಿವಾರ

ಶಾಲೆಯ ನಿಘಂಟಿನಲ್ಲಿ ಅರ್ಥ ಬಿಟ್ಟು ಬೇರೇನೂ ಇಲ್ಲ. ಚಾಮರಾಜನಗರದ ಗ್ರಂಥಾಲಯದಲ್ಲಿ ತಲೆದಿಂಬಿನಷ್ಟು ದಪ್ಪದ್ದೊಂದು ಸಿಕ್ಕಿತು. ಎತ್ತಿಕೊಟ್ಟವರು ಪುಸ್ತಕವನ್ನೊಮ್ಮೆ, ನನ್ನ ಚೀಲವನ್ನೊಮ್ಮೆ ನೋಡಿದರು. ಹಾಳೆ ಹರಿದುಕೊಂಡು ಹೋಗುತ್ತೇನೆ ಅಂದುಕೊಂಡಿರಬೇಕು.

ಪದ ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ, ಫ್ರೆಂಚಿಗೆ ಲ್ಯಾಟಿನ್ನಿನಿಂದ. ಲ್ಯಾಟಿನ್ನಿನಲ್ಲಿ 'ಕೊಮ್' ಅಂದರೆ ಜೊತೆಗೆ. 'ಪಾನಿಸ್' ಅಂದರೆ ರೊಟ್ಟಿ. ಜೊತೆಗೆ ಕೂತು ರೊಟ್ಟಿ ತಿನ್ನುವವರು ಕಂಪ್ಯಾನಿಯನ್.

ಓದಿ ಮೈ ಜುಮ್ಮೆಂದಿತು. ಹಿಂದೆಯೇ ಅನುಮಾನ ಬಂತು. ಬೆಳ್ಳಗಿರುವುದೆಲ್ಲ ಹಾಲಲ್ಲ. ಇಷ್ಟು ಚೆಂದದ ಮೂಲವನ್ನು ಯಾರೋ ಊಟವಾದ ಮೇಲೆ ಕೂತು ಕಟ್ಟಿರಬಾರದೇಕೆ? ಇನ್ನೊಬ್ಬರ ಬಾಯಿಂದ ಕೇಳುವವರೆಗೂ ನಾನು ನಂಬುವವಳಲ್ಲ. ಮೇಡಂಗಂತೂ ಈಗಲೇ ಹೇಳುವುದಿಲ್ಲ. ಹೇಳಿದರೆ, ನನ್ನ ರೊಟ್ಟಿ ಏನು ಮಾಡುತ್ತಿದ್ದೀರಿ ಎಂದು ಸುತ್ತಿ ಬಳಸಿ ಕೇಳಿದ ಹಾಗಾಗುತ್ತದೆ.

ಅವ್ವನಿಗೆ ಹೇಳಿದೆ. ಒಟ್ಟಿಗೆ ಕೂತು ರೊಟ್ಟಿ ತಿನ್ನುವವರಿಗೆ ಇಂಗ್ಲಿಷಿನವರು ಒಂದು ಹೆಸರು ಇಟ್ಟುಕೊಂಡಿದ್ದಾರೆ ಕಣವ್ವ ಎಂದು. ಅವ್ವ ಹಿಟ್ಟು ನಾದುತ್ತಿದ್ದಳು.

"ನಮ್ಮೋರು ಯಾಕ್ ಇಡ್ನಿಲ್ಲ ಅಂತ ಕೇಳು," ಎಂದಳು. ಆಮೇಲೆ ಕೈ ನಿಲ್ಲಿಸದೆಯೇ ಹೇಳಿದಳು. "ನಾ ಚಿಕ್ಕೋಳಿದ್ದಾಗ ನಿಮ್ ಮೇಡಂ ಜನ್ರ ಇತ್ತಲ ಬಾಗ್ಲಲ್ಲಿ ನಿಂತ್ಕಂಡು ಸೆರಗೊಡ್ಡಿ ಇಸ್ಕತಿದ್ದೆ. ಮೇಲಿಂದ ಆಕೋರು, ಕೈ ತಾಗ್ದಂಗೆ. ಉಳ್ದಿದ್ದೋ ಅಳ್ಸಿದ್ದೋ, ಆಕಿದ್ದ ತಕಂಡು ಬರದು. ಇಸ್ಕಂಡು ತಿನ್ನೋರು ಉಪ್ಪು ಕಮ್ಮಿ ಅನ್ನಂಗಿಲ್ಲ ಕಣಮ್ಮಿ. ಅದ್ಕೇ ನಾ ಏಳದು, ಅವ್ರ ಮನೇದ ನೀನು ಬಾಯಿಗಿಕ್ಕಬ್ಯಾಡ."

ನಾನು ಇಕ್ಕಿಲ್ಲವಲ್ಲ.

೭ ಆಗಸ್ಟ್, ಗುರುವಾರ

ಸಿಕ್ಕಿಬಿದ್ದರು.

ನೆನ್ನೆ ಮೇಡಂಗೆ ಕೊಡುವ ರೊಟ್ಟಿಯನ್ನು ನಾನೇ ತಟ್ಟಿದೆ. ಹಿಟ್ಟಿಗೆ ಹತ್ತು ಹಸಿಮೆಣಸಿನಕಾಯಿ ಅರೆದು ಕಲಸಿದೆ. ಅವ್ವ "ಯಾರ್ನ ಸಾಯ್ಸಕ್ಕೆ?" ಎಂದು ಕೇಳಿದಳು. ಇವತ್ತು ಮಧ್ಯಾಹ್ನ ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ, "ನೆನ್ನೆ ರೊಟ್ಟಿ ಹೇಗಿತ್ತು ಮೇಡಂ? ಖಾರ ಸರಿಯಿತ್ತಾ?"

"ಹದವಾಗಿತ್ತು. ನಿಮ್ಮ ತಾಯೋರ ಕೈಗುಣ," ಎಂದರು, ಕಣ್ಣು ಮಿಟುಕಿಸದೆ.

ಹದವಾಗಿತ್ತಂತೆ. ಅದನ್ನು ತಿಂದವರು ಯಾರೇ ಆಗಲಿ ಕೊಳಾಯಿಗೆ ಬಾಯಿ ಕೊಟ್ಟುಕೊಂಡು ಕೂತಿರಬೇಕಿತ್ತು. ಸುಳ್ಳು ಹೇಳುವುದಕ್ಕೂ ಒಂದು ಮಟ್ಟ ಬೇಡವೇ? ಅವರು ತಿನ್ನುವುದಿಲ್ಲ ಅನ್ನುವುದು ಗೊತ್ತಾಯಿತು. ಇನ್ನು, ಏನು ಮಾಡುತ್ತಾರೆ ಅನ್ನುವುದನ್ನು ಕಣ್ಣಾರೆ ನೋಡಬೇಕು.

ಅವರ ರೊಟ್ಟಿಗೆ ಇವತ್ತು ಕಾಯಿ ತುರಿದು ಹಾಕಿದ್ದರು. ಕೋಳಿಗಳು ಕಿತ್ತಾಡಿಕೊಂಡು ತಿಂದವು.

೧೬ ಆಗಸ್ಟ್, ಶನಿವಾರ

ಕ್ರಮವಾಗಿ ಬರೆಯುತ್ತೇನೆ.

ಗುಂಡ್ಲುಪೇಟೆಯ ಮಲಯಾಳಿ ಬೇಕರಿಯವನ ದೊಡ್ಡಪ್ಪ ಪಾದ್ರಿಯಾಗಿದ್ದವರು, ಲ್ಯಾಟಿನ್ ಬಲ್ಲವರು, ಈಗ ಬೇಕರಿಯ ಮಾಳಿಗೆಯಲ್ಲೇ ಇದ್ದಾರೆ ಎಂದು ಹೆಡ್‌ಮಾಸ್ಟರು ಹೇಳಿದ್ದರು. ಪದದ ವಿಷಯ ಕೇಳಲು ಇವತ್ತು ಅರ್ಧ ದಿನದ ಶಾಲೆ ಮುಗಿಸಿ ಹೋಗಬೇಕೆಂದಿದ್ದೆ. ಮೇಡಂಗೆ ಹೇಳಲಿಲ್ಲ. ಅವರು ಬಸ್ಸು ಹತ್ತುವವರೆಗೆ ರಸ್ತೆಯ ಈ ಬದಿಯಲ್ಲೇ ನಿಂತಿದ್ದೆ, ಆಮೇಲೆ ಹಿಂದೆಯೇ ಬಂದ ಈರುಳ್ಳಿ ಟೆಂಪೊಗೆ ಕೈ ಅಡ್ಡ ಹಾಕಿ ಹತ್ತಿದೆ. ಬಿ.ಎಡ್. ಮಾಡಿದ್ದು ಹೀಗೆ ಪತ್ತೇದಾರಿಕೆ ಮಾಡುವುದಕ್ಕೆ.

ಟೆಂಪೊ ಬಸ್ಸಿನ ಬಾಲ ಹಿಡಿದೇ ಹೋಯಿತು. ಮೇಡಂ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಲಾರಿಗಳು ನಿಲ್ಲುವ ಕಡೆಗೆ ನಡೆದರು. ಅಲ್ಲೊಂದು ಕಂದು ಹಸು ಮಲಗಿತ್ತು. ಇವರನ್ನು ಕಂಡದ್ದೇ ಎದ್ದು ನಿಂತಿತು. ದಿನದ ಗುರುತು, ಗೊತ್ತಾಗುತ್ತದೆ. ಡಬ್ಬಿ ತೆಗೆದು, ಅವ್ವ ಬೆಳಿಗ್ಗೆ ಐದೂವರೆಗೆ ಎದ್ದು ತಟ್ಟಿದ ರೊಟ್ಟಿಯನ್ನು ಅದರ ಬಾಯಿಗಿಟ್ಟರು. ಹಣೆ ಸವರಿದರು. ಕೈ ಮುಗಿದು ಹೋದರು.

ನಾನು ಈರುಳ್ಳಿ ಮೂಟೆಯ ಮರೆಯಲ್ಲಿ ನಿಂತಿದ್ದೆ. ಅಳಲಿಲ್ಲ. ಕಣ್ಣು ಉರಿದದ್ದು ಈರುಳ್ಳಿಗೆ ಎಂದುಕೊಂಡೆ, ಆದರೆ ಮೂಟೆ ಕಟ್ಟಿದ ಈರುಳ್ಳಿ ಕಣ್ಣುರಿಸುವುದಿಲ್ಲ.

ಅಲ್ಲಿಂದಲೇ ಪಾದ್ರಿಯವರ ಬಳಿಗೆ ಹೋದೆ. ಎಂಬತ್ತು ದಾಟಿದೆ. ಕೆಳಗೆ ಬ್ರೆಡ್ಡು ಬೇಯುವ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು.

"ಇದು ನಿಜವಾ, ಕಟ್ಟುಕತೆಯಾ?" ಎಂದು ನೇರವಾಗಿ ಕೇಳಿದೆ.

ಅವರು ನಕ್ಕರು. "ಸಂಶಯ ಒಳ್ಳೇದು ಮೋಳೇ. ಪದ ನಿಜ. ಆದರೆ ದೊಡ್ಡ ದೊಡ್ಡ ಲ್ಯಾಟಿನ್ ಪಂಡಿತರು ಯಾರೂ ಇದನ್ನ ಬರೀಲಿಲ್ಲ. ಆಮೇಲಿನ ಕಾಲದ್ದು. ಫ್ರಾಂಕರು ಅಂತ ಒಂದು ಜನ, ಅವರ ಹಳೇ ಕಾನೂನು ಪುಸ್ತಕದಲ್ಲಿ ಉಂಟು. ಉತ್ತರ ಯುರೋಪಿನವರ ಒಂದು ಪದವನ್ನ ನೋಡಿ ಲ್ಯಾಟಿನ್ನಲ್ಲಿ ಮಾಡಿಕೊಂಡರು ಅಂತಾರೆ. ಗೋವಾದಲ್ಲಿ ಪಾವ್ ತಿಂತಾರಲ್ಲ, ಅದೂ ಪಾನಿಸ್ಸೇ. ಪೋರ್ಚುಗೀಸರು ತಂದದ್ದು."

"ಅವರು ನಿಜವಾಗಿ ಒಟ್ಟಿಗೆ ಕೂತು ತಿಂತಿದ್ರಾ? ಅಥವಾ ಸುಮ್ಮನೆ ಇಸ್ಕೊಂಡು ಡಬ್ಬಿಗೆ ಹಾಕ್ಕೊಂಡು ಹೋಗ್ತಿದ್ರಾ?"

ಪಾದ್ರಿಯವರು ನನ್ನ ಮುಖ ನೋಡಿದರು. ಇಂಥ ಪ್ರಶ್ನೆ ಅವರನ್ನು ಈವರೆಗೆ ಯಾರೂ ಕೇಳಿರಲಿಕ್ಕಿಲ್ಲ. "ಜೊತೆಗೆ, ರೊಟ್ಟಿ. ಪದ ಇಷ್ಟೇ ಹೇಳ್ತದೆ," ಎಂದರು. "ಅಗಿದರೋ ಇಲ್ಲವೋ, ಅದನ್ನ ಹೇಳೋದಿಲ್ಲ." ಬರುವಾಗ ಬಿಸಿ ಬನ್ನು ಕೊಟ್ಟರು. ಬಸ್ಸಿನಲ್ಲಿ ತಿಂದೆ. ಬೆಳಗಿನಿಂದ ಏನೂ ತಿಂದಿರಲಿಲ್ಲ.

೧೮ ಆಗಸ್ಟ್, ಸೋಮವಾರ

ರೊಟ್ಟಿ ಕೊಡಲಿಲ್ಲ. ಒಂದೇ ತಂದಿದ್ದೇನೆ ಎಂದೆ.

೨೧ ಆಗಸ್ಟ್, ಗುರುವಾರ

"ಏನಾದ್ರೂ ತಪ್ಪಾಯ್ತಾ?" ಎಂದು ಮಂಗಳಗೌರಿ ಕೇಳಿದಳು. ಅವ್ವನಿಗೆ ಮೈ ಸರಿಯಿಲ್ಲ ಎಂದೆ. ತನ್ನದನ್ನಾದರೂ ತಗೊಳ್ಳಿ ಎಂದು ಚಾಚಿದಳು. ಬೇಡ ಎಂದೆ. ಇನ್ನು ನಾಟಕ ಯಾಕೆ.

ಮನೆಗೆ ಬಂದರೆ ಅವ್ವ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದಾಳೆ. "ಆ ಮೇಡಂ ಏನೂ ಕೊಡ್ನಿಲ್ವ? ಕೋಳಿ ಕಾಯ್ಕಂಡು ಕುಂತವೆ," ಎನ್ನುತ್ತಾಳೆ.

೨೮ ಆಗಸ್ಟ್, ಗುರುವಾರ

ಚಾರ್ಟ್ ಬರೆಯಲೇಬೇಕಾಯಿತು. ಶಾಲೆ ಬಿಟ್ಟ ಮೇಲೆ ಲ್ಯಾಬಿನ ನೆಲದ ಮೇಲೆ ಹಾಳೆ ಹರಡಿ ಕೂತೆವು. ನಾನು ಹೇಳುತ್ತಾ ಹೋದೆ, ಅವಳು ಬರೆಯುತ್ತಾ ಹೋದಳು. ಮೇಲೆ ಇಂಗ್ಲಿಷ್, ಅದರ ಕೆಳಗೆ ಫ್ರೆಂಚ್, ತೀರಾ ಕೆಳಗೆ ಬೇರಿನ ಹಾಗೆ ಲ್ಯಾಟಿನ್.

"ಪಾನಿಸ್. ಹಾಗಂದ್ರೆ?"

ಈ ಗಳಿಗೆಗೇ ಕಾದಿದ್ದೆ. ಅವಳ ಮುಖವನ್ನೇ ನೋಡುತ್ತಾ ಹೇಳಿದೆ. "ರೊಟ್ಟಿ. ಜೊತೆಗೆ ಕೂತು ರೊಟ್ಟಿ ತಿನ್ನೋರು ಅಂತ ಇಡೀ ಪದದ ಅರ್ಥ."

ಸ್ಕೆಚ್ ಪೆನ್ನು ನಿಂತಿತು. ನಿಂತ ಕಡೆ ಶಾಯಿ ಇಂಗಿ ಒಂದು ಚುಕ್ಕೆ ದೊಡ್ಡದಾಗುತ್ತಾ ಹೋಯಿತು. "ಬೇರೆ ಪದ ತಗೊಂಡಿದ್ರೆ ಆಗ್ತಿತ್ತೇನೋ," ಎಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಆ ಚುಕ್ಕೆಯ ಮೇಲೆ ಅವಳು ಸುಮ್ಮನೆ ಒಂದು ದುಂಡನೆಯ ರೊಟ್ಟಿ ಬರೆದು ಮುಚ್ಚಿದಳು.

೬ ಸೆಪ್ಟೆಂಬರ್, ಶನಿವಾರ

ಮೇಳ ಮುಗಿಯಿತು. ನಮ್ಮ ಚಾರ್ಟಿಗೆ ಎರಡನೇ ಬಹುಮಾನ.

ಬಂದಿದ್ದ ಅಧಿಕಾರಿ ನಮ್ಮಿಬ್ಬರನ್ನೂ ವೇದಿಕೆಗೆ ಕರೆದರು. ನಮ್ಮ ಹೆಡ್‌ಮಾಸ್ಟರು ಅವರ ಕಿವಿಯಲ್ಲಿ ಏನೋ ಊದಿದ್ದರು. ಅಧಿಕಾರಿ ಮೈಕು ಹಿಡಿದು, "ಈ ಇಬ್ಬರು ಮೇಡಂಗಳು ಪದದ ಅರ್ಥ ಬರೀ ಹಾಳೆ ಮೇಲೆ ಬರೆದಿಲ್ಲ. ದಿನಾ ಒಬ್ಬರ ಮನೆ ರೊಟ್ಟೀನ ಒಬ್ಬರು ತಿಂತಾರಂತೆ. ಇದು ಸಮಾನತೆ ಅಂದ್ರೆ. ಇವರನ್ನ ನೋಡಿ ಕಲೀಬೇಕು," ಎಂದರು. ಚಪ್ಪಾಳೆ ಬಿತ್ತು. ನಾನು ನೆಲ ನೋಡಿದೆ. ಓರೆಗಣ್ಣಿಂದ ನೋಡಿದರೆ ಅವಳೂ ನೆಲವನ್ನೇ ನೋಡುತ್ತಿದ್ದಳು.

ಸಂಜೆ ನನ್ನ ಜೊತೆ ಬಸ್‌ಸ್ಟ್ಯಾಂಡಿಗೆ ಬಂದಳು, ಕರೆಯದಿದ್ದರೂ. ಕಂದು ಹಸು ಅವಳನ್ನು ಕಂಡು ಎದ್ದು ಬಂತು. ಇನ್ನು ತಡೆಯಲಾಗಲಿಲ್ಲ.

"ಕೊಡಿ ಅದಕ್ಕೆ. ಮೂರು ವಾರದಿಂದ ನಮ್ಮವ್ವನ ರೊಟ್ಟಿ ಇಲ್ಲದೆ ಸೊರಗಿದೆ," ಎಂದೆ.

ಅವಳ ಮುಖ ಬೆಳ್ಳಗಾಯಿತು. ಹಸುವಿನ ಕಡೆ ಚಾಚಿದ ಕೈ ಹಿಂದಕ್ಕೆ ತಂದಳು. ಆಮೇಲೆ, "ನೋಡಿದ್ರಾ," ಎಂದಳು. "ಎಸೀಲಿಲ್ಲ ಸುಧಾಮಣಿ. ಹಸೂಗೆ ಕೊಟ್ಟೆ. ಅನ್ನ ಎಸೀಬಾರದು ಅಂತ."

"ಹಸು ಪರವಾಗಿಲ್ಲ ಬಿಡಿ. ಜಾತಿ ಕೇಳಲ್ಲ."

"ಬಯ್ರಿ. ಬೈಸ್ಕೊಳೋ ಕೆಲಸಾನೇ ಮಾಡಿದೀನಿ." ಕಣ್ಣೊರೆಸಿಕೊಂಡಳು. "ಮೊದಲ್ನೇ ದಿನ ತಿನ್ಬೇಕು ಅಂತ್ಲೇ ಇಸ್ಕೊಂಡೆ. ಬಸ್ಸಲ್ಲಿ ಮುರ್ದೆ. ಬಾಯಿಗೆ ಹೋಗ್ಲಿಲ್ಲ. ನಮ್ಮಜ್ಜಿ ಬಂದು ಎದುರಿಗೆ ಕೂತಂಗಾಯ್ತು. ನಾಳೆ ತಿಂತೀನಿ ಅಂದ್ಕೊಂಡೆ. ನಾಳೆ, ನಾಳೆ ಅಂತ ಒಂದ್ ತಿಂಗಳಾಯ್ತು. ಓದಿದೀನಿ, ವಚನ ಪಾಠ ಮಾಡ್ತೀನಿ. ಗಂಟಲು ಮಾತ್ರ ಅಜ್ಜೀದೇ."

ನಾನು ಏನೋ ಚುರುಕಾಗಿ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಅಂದಳು, "ನಾನು ಕ್ಷಮೆ ಕೇಳ್ತೀನಿ. ನೀವು ದಿನಾ ನಮ್ಮನೇದು ತಿಂತಿದ್ರಿ, ನಾನು ಹಿಂಗ್ ಮಾಡ್ದೆ. ಅದೇ ನನಗೆ ಚುಚ್ತಿದ್ದಿದ್ದು."

ಬಸ್ಸು ಬಂದು ನಿಂತಿತು. ಹತ್ತಿಬಿಡಬಹುದಿತ್ತು. ಒಂದು ಸುಳ್ಳು ಹೇಳಿದರೆ ಜನ್ಮಪೂರ್ತಿ ನಾನೇ ದೊಡ್ಡವಳು.

"ತಿಂದಿಲ್ಲ," ಎಂದೆ. "ಕೋಳಿಗೆ ಹಾಕ್ತಿದ್ವಿ."

"ಒಂದಿನಾನೂ?"

"ಒಂದಿನಾನೂ."

ಅವಳು ಯಾಕೆ ಎಂದು ಕೇಳಲಿಲ್ಲ. ನಾನೇ ಹೇಳಿದೆ. ಅವ್ವ, ಹಿತ್ತಲ ಬಾಗಿಲು, ಸೆರಗು. ಬಸ್ಸು ಹೋಯಿತು. ಮುಂದಿನ ಬಸ್ಸಿಗೆ ಅವಳೂ ನನ್ನ ಜೊತೆಯೇ ಕಾದಳು.

೭ ಸೆಪ್ಟೆಂಬರ್, ಭಾನುವಾರ

ಎರಡೂ ಒಂದೇ ಅಲ್ಲ. ಅದನ್ನು ಇಲ್ಲಿ ಖಡಾಖಂಡಿತವಾಗಿ ಬರೆದಿಡುತ್ತೇನೆ. ಅವಳ ಅಜ್ಜಿ ಬಾಗಿಲ ಒಳಗಿದ್ದವಳು, ನನ್ನ ಅವ್ವ ಹೊರಗೆ ನಿಂತವಳು. ತೂಕಕ್ಕೆ ಹಾಕಿದರೆ ತಕ್ಕಡಿ ಒಂದೇ ಕಡೆ ವಾಲುತ್ತದೆ.

ಆದರೆ ಹಿಂದಿನ ಹಾಳೆ ತಿರುವಿ ನೋಡಿದೆ. ಮೊದಲನೆಯ ದಿನವೇ 'ಅದು ಬೇರೆ ವಿಷಯ' ಎಂದು ಬರೆದಿದ್ದೇನೆ. ನನ್ನದೇ ಅಕ್ಷರ.

ಅವ್ವನಿಗೆ ಎಲ್ಲ ಹೇಳಿದೆ, ಹಸುವಿನದು, ಕೋಳಿಯದು, ಅಜ್ಜಿಯದು. ನಾನು ತಿಂದರೆ ನಿನಗೆ ಬೇಜಾರಾಗುತ್ತಾ ಎಂದು ಕೇಳಿದೆ.

"ಅದು ನಿನ್ ಬಾಯಿ. ನನ್ ಬಾಯಲ್ಲ," ಎಂದಳು.

೯ ಸೆಪ್ಟೆಂಬರ್, ಮಂಗಳವಾರ

ನಾನು ಹೋಗುವ ಹೊತ್ತಿಗೆ ಗೌರಿ ಲ್ಯಾಬಿನಲ್ಲಿ ಕೂತಿದ್ದಳು, ಡಬ್ಬಿ ತೆರೆದಿರಲಿಲ್ಲ. ನಾನು ರಾಗಿ ರೊಟ್ಟಿ ಕೊಟ್ಟೆ. ಅವಳು ಅಕ್ಕಿ ರೊಟ್ಟಿ ಕೊಟ್ಟಳು. ಇಬ್ಬರೂ ಹಿಡಿದುಕೊಂಡು ಕೂತೆವು. ಮಕ್ಕಳು ಯಾರಾದರೂ ಇಣುಕಿದ್ದರೆ ಪ್ರಾರ್ಥನೆ ಅಂದುಕೊಳ್ಳುತ್ತಿದ್ದವು.

ಗೌರಿ ಮೊದಲು ಮುರಿದಳು. ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. ನೀರು ಕುಡಿದಳು. ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ, ಈ ಅನುಮಾನದ ಬುದ್ಧಿ ಎಲ್ಲಿಗೆ ಹೋಗುತ್ತದೆ.

"ಇಳೀತು," ಎಂದಳು.

ನನ್ನ ಸರದಿ. ಕೈ ಬಾಯಿಯವರೆಗೆ ಹೋಗಿ ನಿಂತಿತು. ಅವಳ ಅಜ್ಜಿ ಅವಳೆದುರು ಕೂತ ಹಾಗೆ ನನ್ನೆದುರು ಅವ್ವ ನಿಂತಿದ್ದಳು, ಹುಡುಗಿಯಾಗಿ. ಗೌರಿ ಬೇರೆ ಕಡೆ ನೋಡಲಿಲ್ಲ, ಬಲವಂತವನ್ನೂ ಮಾಡಲಿಲ್ಲ. ಕಣ್ಣು ಮುಚ್ಚಿ ತಿಂದೆ. ಮೊದಲ ತುತ್ತಿನ ರುಚಿ ಗೊತ್ತಾಗಲಿಲ್ಲ. ಎರಡನೆಯದರಲ್ಲಿ ಗೊತ್ತಾಯಿತು.

"ಉಪ್ಪು ಕಮ್ಮಿ," ಎಂದೆ.

ಗೌರಿ ನಕ್ಕಳು. "ನಿಮ್ದು ಖಾರ ಜಾಸ್ತಿ."

ಸಂಜೆ ಕೋಳಿಗಳು ಬಾಗಿಲಲ್ಲೇ ಅಡ್ಡಾಡುತ್ತಿದ್ದವು. ಅವ್ವ ಡಬ್ಬಿ ತೆರೆದಳು. ಮೇಲುತಟ್ಟೆ ಎತ್ತಿ ಅದರ ಕೆಳಗೂ ನೋಡಿದಳು.

"ಎಂಗಿತ್ತು?"

"ಉಪ್ಪು ಕಮ್ಮಿ ಇತ್ತು ಕಣವ್ವ. ಅವಳಿಗೇ ಹೇಳಿದೆ."

ಅವ್ವ ಡಬ್ಬಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. "ಅಂದ್ಬುಟ್ಟಾ? ಅವ್ಳ ಮುಂದ್ಗಡೇನೇ?"

"ಮುಂದ್ಗಡೇನೇ."

ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು, ಸುಮ್ಮನೆ ಬೆವರು ಒರೆಸಿಕೊಳ್ಳುವ ಹಾಗೆ. "ಅದ್ಕೆ ಅವ್ಳೇನಂದ್ಲು?"

"ನಮ್ಮದು ಖಾರ ಜಾಸ್ತಿ ಅಂದಳು."

"ಅವ್ಳಿಗೇನ್ ಗೊತ್ತು ಖಾರ," ಎಂದು ಅವ್ವ ಕೋಳಿಗಳಿಗೆ ಅಕ್ಕಿ ನುಚ್ಚು ಹಾಕಲು ಹೋದಳು.